ಬಾಗಿಲ ಪಕ್ಕದ ಕುರ್ಚಿ

ಕೋಥರೂಡ, ಪುಣೆ
೨ ಮಾರ್ಚ್ ೨೦೨೫

ಅಮ್ಮಾ,

ಫೋನಿನಲ್ಲಿ ಕೇಳಿದರೆ ನೀನು "ನೋಡುವ, ನೋಡುವ" ಎಂದು ಮಾತು ತೇಲಿಸುತ್ತೀ. ಅದಕ್ಕೇ ಈ ಸಲ ಕಾಗದ. ಕಾಗದಕ್ಕೆ ಉತ್ತರ ಬರೆಯದೆ ಬಿಡುವ ಜಾತಿಯವಳಲ್ಲ ನೀನು.

ಡಾಕ್ಟರು ನನ್ನ ರಕ್ತದೊತ್ತಡ ನೋಡಿ ಪ್ರಯಾಣವೇ ಬೇಡ ಎಂದುಬಿಟ್ಟರು. ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬ ಮಾತು ಅಲ್ಲಿಗೆ ಮುಗಿಯಿತು. ಇನ್ನು ತವರೇ ಇಲ್ಲಿಗೆ ಬರಬೇಕು.

ಇಲ್ಲಿ ಎಲ್ಲರೂ ಮಗುವಿನ ತಯಾರಿಯಲ್ಲಿದ್ದಾರೆ. ಮಾವ ಹೋಟೆಲಿನಿಂದ ಬರುವಾಗ ದಿನಕ್ಕೊಂದು ಗಿಲಕಿ ತರುತ್ತಾರೆ. ನಿನ್ನ ಅಳಿಯ ಪ್ರಜ್ವಲ ತೊಟ್ಟಿಲಿನ ಚಿತ್ರಗಳನ್ನು ತೋರಿಸಿ ನನ್ನ ತಲೆ ತಿನ್ನುತ್ತಾನೆ. ಹೆತ್ತ ಮೇಲೆ ನನ್ನ ಮೈಯ ಗತಿ ಏನು ಎಂದು ಯೋಚಿಸುವವರು ಯಾರೂ ಇಲ್ಲ. ಹಾಗಾಗಿ ನಾನೇ ಯೋಚಿಸಿದ್ದೇನೆ. ಮೊದಲ ವಾರಗಳಲ್ಲಿ ನೀನು ನನ್ನ ಜೊತೆ. ಎಣ್ಣೆಸ್ನಾನ ನಿನ್ನ ಕೈಯಿಂದಲೇ ಆಗಬೇಕು. ಮೈಯಲ್ಲಿ ಸ್ವಲ್ಪ ಕಸುವು ಬಂದ ಮೇಲೆ ದಿನಾ ಮನೆಯೊಳಗೇ ನಾಲ್ಕು ಹೆಜ್ಜೆ. ಆರನೇ ವಾರಕ್ಕೆ ಡಾಕ್ಟರ ಹತ್ತಿರ ತಪಾಸಣೆ, ಆಮೇಲೆ ಅವರು ಹೇಳಿಕೊಡುವ ವ್ಯಾಯಾಮ. ಬಚ್ಚಲು ಒಳಗೇ ಇರುವ ಕೋಣೆಯನ್ನು ನಮ್ಮಿಬ್ಬರಿಗೆ ಇಟ್ಟುಕೊಂಡಿದ್ದೇನೆ.

ಮದುವೆಯ ಆರತಕ್ಷತೆಗೆ ನೀನು ಪುಣೆಗೆ ಬರಲಿಲ್ಲ. ಸೀಮಂತಕ್ಕೂ ಬರಲಿಲ್ಲ. ಈಗಲೂ ಬಾರದಿದ್ದರೆ ಮಾತು ಬಿಡುತ್ತೇನೆ, ತಿಳಿದಿರಲಿ.

ನಿನ್ನ ಹೊಟ್ಟೆಬಾಕಿ ಮಗಳು,
ದೀಕ್ಷಿತಾ


ಕೋಟ
೧೪ ಮಾರ್ಚ್ ೨೦೨೫

ಮಗಳೇ ದೀಕ್ಷಿತಾ, ಚೆನ್ನಾಗಿರು.

ನಿನ್ನ ಕಾಗದ ಸಿಕ್ಕಿತು. ಮಗುವಿಗೆ ಮೊದಲು ನೀನೇ ರಚ್ಚೆ ಹಿಡಿಯಲು ಶುರುಮಾಡಿದ್ದೀ.

ನನಗೆ ಬರಲು ಆಗುವುದಿಲ್ಲ ಮಗಾ. ಏಪ್ರಿಲ್, ಮೇ ಎಂದರೆ ಶಾಲೆಯ ಸಮವಸ್ತ್ರದ ಸುಗ್ಗಿ ಎಂದು ನಿನಗೆ ಗೊತ್ತು. ಎರಡು ಶಾಲೆಯವರು ಬಟ್ಟೆ ತಂದು ಹಾಕಿದ್ದಾರೆ, ಮನೆಯಲ್ಲಿ ಕಾಲಿಡಲು ಜಾಗವಿಲ್ಲ. ನಾನಿಲ್ಲದೆ ಹೊಲಿಗೆ ನಿಂತರೆ ಊರಿನ ಅರ್ಧ ಮಕ್ಕಳು ಚಡ್ಡಿಯಿಲ್ಲದೆ ಶಾಲೆಗೆ ಹೋಗಬೇಕಾದೀತು.

ಬಾಣಂತಿ ಲೇಹ್ಯ, ಒಣಶುಂಠಿ, ಮೆತ್ತಗಿನ ಹಳೇ ಸೀರೆಗಳನ್ನು ಪಾರ್ಸೆಲ್ ಮಾಡಿದ್ದೇನೆ. ಲೀಲಾಕ್ಷಿಯಕ್ಕನ ಹತ್ತಿರ ಫೋನಿನಲ್ಲಿ ಎಲ್ಲ ಮಾತಾಡಿದ್ದೇನೆ. ನಿನ್ನ ಅತ್ತೆ ಒಳ್ಳೆಯವರು, ಅವರು ಹೇಳಿದ ಹಾಗೆ ಕೇಳು. ನಾಲ್ಕು ಹೆಜ್ಜೆ ನಡೆಯುವುದು, ವ್ಯಾಯಾಮ ಎಂದೆಲ್ಲ ಬರೆದಿದ್ದೀಯಲ್ಲ, ಆ ಮಾತು ತಲೆಯಿಂದ ತೆಗೆದುಹಾಕು. ಬಾಣಂತಿ ಮಲಗಿದಷ್ಟೂ ಒಳ್ಳೆಯದು. ಎದ್ದವಳು ಕೆಟ್ಟಳು.

ನಿನ್ನ ಅಮ್ಮ,
ರಾಜೀವಿ


ಕೋಥರೂಡ
೨೭ ಏಪ್ರಿಲ್ ೨೦೨೫

ಅಮ್ಮಾ,

ಮಾತು ಬಿಡುತ್ತೇನೆ ಎಂದಿದ್ದೆ. ಬಿಡಲು ಬೇರೆ ಯಾರಾದರೂ ಮಾತಾಡಲು ಸಿಗಬೇಕಲ್ಲ! ಆದ್ದರಿಂದ ನಿನಗೇ ಬರೆಯುತ್ತಿದ್ದೇನೆ.

ಮೊಮ್ಮಗಳನ್ನು ಆಸ್ಪತ್ರೆಯಿಂದ ವಿಡಿಯೋದಲ್ಲಿ ನೋಡಿದೆಯಲ್ಲ, ಈಗ ಇನ್ನೂ ಗುಂಡಗಾಗಿದ್ದಾಳೆ. ಎಲ್ಲರೂ ಚಿನ್ನು ಎನ್ನುತ್ತಾರೆ. ಮೂಗು ನಿನ್ನದೇ, ಪಾಪ.

ಮನೆಗೆ ಬಂದ ದಿನವೇ ಅತ್ತೆ ನನ್ನ ಮೊಬೈಲನ್ನು ತೆಗೆದು ಕಪಾಟಿನಲ್ಲಿಟ್ಟು ಕೀಲಿ ಹಾಕಿದರು. ಬಾಣಂತಿ ಮೊಬೈಲ್ ನೋಡಿದರೆ ಕಣ್ಣಿಗೆ ವಾಯು ಹಿಡಿಯುತ್ತದಂತೆ. ನೀನು ಸಂಜೆ ಫೋನ್ ಮಾಡಿದಾಗ ಅವರು ಸ್ಪೀಕರ್ ಹಾಕಿ ಬಾಗಿಲಲ್ಲಿ ಹಿಡಿದು ನಿಲ್ಲುತ್ತಾರೆ. "ಹುಷಾರಿದ್ದೀಯಾ?" "ಹುಷಾರಿದ್ದೇನೆ." ನಮ್ಮ ಮಾತು ಇಷ್ಟೇ ಆಗಿದೆ, ನೋಡಿದೆಯಾ?

ಕಾಗದಕ್ಕೆ ಮಾತ್ರ ಹೆದರಿಕೆಯಿಲ್ಲ. ಅತ್ತೆ ಹುಟ್ಟಿ ಬೆಳೆದದ್ದೆಲ್ಲ ಪುಣೆಯಲ್ಲಿ, ಓದಿದ್ದು ಮರಾಠಿ ಶಾಲೆಯಲ್ಲಿ. ಕನ್ನಡ ಮಾತಾಡುತ್ತಾರೆ, ಒಂದಕ್ಷರ ಓದಲು ಬರುವುದಿಲ್ಲ. ನಿನ್ನ ಕಾಗದ ಬಂದರೆ ಅವರೇ ತಂದುಕೊಟ್ಟು, "ಎಂತ ಬರೆದಿದ್ದಾರೆ ಬೀಗತಿ? ಓದು ಓದು" ಎಂದು ಎದುರಿಗೆ ಕೂರುತ್ತಾರೆ. ನಾನು ಕಾಗದ ನೋಡಿಕೊಂಡೇ, "ನಿಮ್ಮ ಕೈಗುಣ ಭಾರೀ ಒಳ್ಳೇದಂತೆ ಅತ್ತೆ" ಎಂದು ಇಲ್ಲದ್ದನ್ನು ಓದುತ್ತೇನೆ. ಮರುದಿನ ಅನ್ನದ ಮೇಲೆ ತುಪ್ಪ ಎರಡು ಪಾಲು ಬೀಳುತ್ತದೆ.

ಎಣ್ಣೆ ಹಚ್ಚಲು ಸಾಬವ್ವ ಎಂಬವರು ಬರುತ್ತಾರೆ. ಅಕ್ಕಲಕೋಟೆ ಕಡೆಯವರು, ಬಹಳ ವರ್ಷದಿಂದ ಇಲ್ಲೇ ಇದ್ದು ಅವರ ಕನ್ನಡದಲ್ಲಿ ಅರ್ಧ ಮರಾಠಿ. ಈ ಕಾಗದಗಳನ್ನು ಡಬ್ಬಿಗೆ ಹಾಕುವವರು ಅವರೇ. ಕಿಟಕಿ ತೆರೆ ಎಂದರೆ ಮಾತ್ರ, "ಹಸಿ ಮೈ ಅದ ತಾಯಿ, ಗಾಳಿ ಹತ್ತಿದ್ರ ಹೆಂಗ?" ಎನ್ನುತ್ತಾರೆ. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಹೊಟ್ಟೆಗೆ ಸೀರೆ ಬಿಗಿದು ಕಟ್ಟಿ ನನ್ನನ್ನು ಮಲಗಿಸಿದ್ದಾರೆ. ಈ ಎಣ್ಣೆಗೆ, ಹೊಗೆಗೆ ನನ್ನ ವಾಸನೆ ನನಗೇ ಗುರುತು ಸಿಗುವುದಿಲ್ಲ.

ಸಮವಸ್ತ್ರದ ಸುಗ್ಗಿ ಹೇಗಿದೆ?

ದೀಕ್ಷಿತಾ


ಕೋಟ
೭ ಮೇ ೨೦೨೫

ಮಗಳೇ,

ನಿನ್ನ ಕಾಗದ ಓದಿ ನಕ್ಕೆ, ಆಮೇಲೆ ಸ್ವಲ್ಪ ಅತ್ತೆ. ಮೂಗಿನ ವಿಷಯಕ್ಕೆ ಅಲ್ಲ.

ಕಷ್ಟವೆಂದು ಗೊತ್ತು. ಆದರೂ ಏಳಬೇಡ. ಮಗುವನ್ನು ಬಿಟ್ಟು ಬೇರೆ ಏನನ್ನೂ ಎತ್ತಬೇಡ. ಒಂದು ಕೊಡ ನೀರೂ ಎತ್ತಬೇಡ. ಪುಣೆಯಲ್ಲಿ ಕೊಡ ಎಲ್ಲಿಂದ ಬಂತು ಎಂದು ನಗಬೇಡ. ಈಗಿನ ಮೂರು ತಿಂಗಳು ಮುಂದಿನ ಮೂವತ್ತು ವರ್ಷವನ್ನು ಕಾಯುತ್ತದೆ.

ಅತ್ತೆಗೆ ನನ್ನ ಹೆಸರಲ್ಲಿ ಸುಳ್ಳು ಓದುವವಳು ಸ್ವಲ್ಪ ಜೋರಾಗಿಯೇ ಹೊಗಳು. ಖರ್ಚಿಲ್ಲವಲ್ಲ.

ರಾಜೀವಿ


ಕೋಥರೂಡ
೧೮ ಮೇ ೨೦೨೫

ಅಮ್ಮಾ,

ಇವತ್ತಿನ ಕಥೆ ಕೇಳು. ನಗುವುದೋ ಅಳುವುದೋ ನೀನೇ ಹೇಳು.

ಇಲ್ಲಿ ಮೇ ತಿಂಗಳ ಬಿಸಿಲು. ಕಿಟಕಿ ಮುಚ್ಚಿದೆ. ಫ್ಯಾನಿನ ಸ್ವಿಚ್ಚಿನ ಮೇಲೆ ಅತ್ತೆ ಟೇಪು ಅಂಟಿಸಿದ್ದಾರೆ. ಇದು ಸಾಲದೆಂದು ನವಾರಿನ ಮಂಚದ ಕೆಳಗೆ ಶೇಗಡಿ, ಅಂದರೆ ಕೆಂಡದ ಒಲೆ. ಅದರ ಮೇಲೆ ಓಂಕಾಳು, ಬೆಳ್ಳುಳ್ಳಿ ಸಿಪ್ಪೆ ಉದುರಿಸಿ ಬಾಣಂತಿಯ ಬೆನ್ನಿಗೆ ಶಾಖ ಕೊಡುವುದು ಇಲ್ಲಿಯ ಪದ್ಧತಿ. ಕೆಂಡ ಮಾವನ ಹೋಟೆಲಿನ ತಂದೂರಿನದು. ಮೇಲೆ ರೊಟ್ಟಿ ಬೇರೆ ಹಾಕುವುದೊಂದು ಬಾಕಿ.

ತಡೆಯಲಾಗದೆ ಸಾಬವ್ವನಿಗೆ, "ಸೆಕೆ, ಸಾಬವ್ವ, ಭಾರೀ ಸೆಕೆ" ಎಂದೆ. ಅವರ ಮುಖ ಅರಳಿತು. "ಶೇಕ ಬೇಕೇನ ನನ್ನವ್ವಾ? ಕೇಳೂದ್ಕ ನಾಚಿಕಿ ಯಾಕ? ತಡೀ, ತರ್ತೀನಿ" ಎಂದು ಹೋದವರು ಇನ್ನೊಂದು ಸಟ್ಟುಗ ಕೆಂಡ ತಂದು ಸುರಿದರು. ಶಾಖ ಕೊಡುವುದಕ್ಕೆ ಇಲ್ಲಿ ಶೇಕ ಎನ್ನುತ್ತಾರೆ. "ಅಯ್ಯೋ ಸೆಕೆ, ಸೆಕೆ" ಎಂದು ನಾನು ಕೂಗಿದೆ. ಇನ್ನೂ ಒಂದು ಸಟ್ಟುಗ ಬಂತು. ನಮ್ಮೂರಿನ ಮಾತು ನನ್ನನ್ನು ಇಲ್ಲಿ ಸುಡುತ್ತದೆಂದು ಯಾರಿಗೆ ಗೊತ್ತಿತ್ತು?

ಹೊಗೆ ತುಂಬಿತು. ಚಿನ್ನುವನ್ನು ಸಾಬವ್ವನ ಕೈಗೆ ಕೊಟ್ಟು ಹೊರಗೆ ಕಳಿಸಿದೆ. ನನಗೆ ಕೆಮ್ಮು ಹತ್ತಿತು, ನಿಲ್ಲಲೇ ಇಲ್ಲ. ಕೆಮ್ಮು ನಿಂತಾಗ ಹಾಸಿಗೆ ಒದ್ದೆಯಾಗಿತ್ತು.

ಬೆವರಲ್ಲ ಅಮ್ಮಾ. ನನಗೆ ಗೊತ್ತೇ ಆಗಲಿಲ್ಲ. ಮೊದಲ ಸಲವೂ ಅಲ್ಲ. ಸೀನಿದರೆ ಆಗುತ್ತದೆ, ನಕ್ಕರೆ ಆಗುತ್ತದೆ. ಅತ್ತೆ ಬಂದು ಹಾಸಿಗೆ ಮುಟ್ಟಿ, "ಅಗಂ, ಚಿನ್ನು ಮಾಡಿದ್ದಾ?" ಎಂದರು. ಹೌದು ಎಂದೆ. ಹುಟ್ಟಿ ತಿಂಗಳಾಗಿದೆ, ಆಗಲೇ ಅಮ್ಮನ ತಪ್ಪು ತಲೆಯ ಮೇಲೆ ಹೊತ್ತಿದ್ದಾಳೆ.

ಸಾಬವ್ವನಿಗೆ ಮೆಲ್ಲಗೆ ಹೇಳಿದರೆ, "ಎಲ್ಲಾರಿಗೂ ಆಗ್ತದ, ಯಾರಿಗೂ ಹೇಳಬ್ಯಾಡ" ಎಂದರು. ಪ್ರಜ್ವಲನಿಗೆ ಹೇಳಲು ಬಾಯಿ ಬರುವುದಿಲ್ಲ. ಆರನೇ ವಾರದ ತಪಾಸಣೆ ಹತ್ತಿರ ಬಂತು. ಅತ್ತೆ ಮೂರು ತಿಂಗಳು ಹೊಸಿಲು ದಾಟುವ ಹಾಗಿಲ್ಲ ಎನ್ನುತ್ತಾರೆ. ಇದು ಎಲ್ಲರಿಗೂ ಆಗುತ್ತದಾ ಅಮ್ಮಾ? ನಿನಗೆ ಆಗಿತ್ತಾ? ತಾನಾಗಿ ಹೋಗುತ್ತದಾ? ಇದೊಂದಕ್ಕೆ ಸರಿಯಾಗಿ ಉತ್ತರ ಬರೆ.

ದೀಕ್ಷಿತಾ


ಕೋಟ
೨೮ ಮೇ ೨೦೨೫

ಮಗಳೇ,

ಕಾಗದ ಸಿಕ್ಕಿತು. ಹೆಚ್ಚು ಬರೆಯಲು ಪುರುಸೊತ್ತಿಲ್ಲ, ಶಾಲೆ ಶುರುವಾಗುತ್ತದೆ. ಇನ್ನೂ ಕಾಲರ್ ಹಾಕುವುದು ಬಾಕಿ ಇದೆ, ಗುಂಡಿ ಹಾಕುವುದು ಬಾಕಿ ಇದೆ.

ಮಲಗಿಯೇ ಇರು. ಜೋರಾಗಿ ಕೆಮ್ಮಬೇಡ. ಏನೂ ಎತ್ತಬೇಡ.

ಚಿನ್ನುವಿಗೆ ಎರಡು ಜಬಲೆ ಹೊಲಿದಿದ್ದೇನೆ.

ರಾಜೀವಿ


ಕೋಥರೂಡ
೬ ಜೂನ್ ೨೦೨೫

ಅಮ್ಮಾ,

ಕಾಲರ್, ಗುಂಡಿ. ನಾನು ಏನು ಕೇಳಿದೆ, ನೀನು ಏನು ಬರೆದೆ?

ಆರನೇ ವಾರ ದಾಟಿತು. ಆಸ್ಪತ್ರೆಯಿಂದ ಫೋನ್ ಬಂದಿತ್ತಂತೆ. ಮುಂದಿನ ತಿಂಗಳು ನೋಡುವ ಎಂದು ಅತ್ತೆ ಇಟ್ಟುಬಿಟ್ಟರಂತೆ. ಇದು ಗೊತ್ತಾದಾಗ ನಾನು ಕೋಣೆಯ ಬಾಗಿಲಲ್ಲಿ ನಿಂತು ಕೂಗಾಡಿದೆ. ನೀವು ನನ್ನನ್ನು ಕೂಡಿಹಾಕಿದ್ದೀರಿ, ಸ್ವಂತ ಮಗಳಾಗಿದ್ದರೆ ಹೀಗೆ ಮಾಡುತ್ತಿದ್ದಿರಾ ಎಂದು ಬಾಯಿಗೆ ಬಂದದ್ದೆಲ್ಲ ಹೇಳಿದೆ. ಮಾವ ಟಿ.ವಿ. ಸದ್ದು ಜಾಸ್ತಿ ಮಾಡಿದರು. ಪ್ರಜ್ವಲ ಮೊಬೈಲಿನಲ್ಲಿ ಮುಖ ಹೂತ. ಅವನ ಕಣ್ಣಿಗೆ ವಾಯು ಹಿಡಿಯುವುದಿಲ್ಲ ನೋಡು.

ಅತ್ತೆಯ ಕಣ್ಣಲ್ಲಿ ನೀರು ಬಂತು. "ನಾನು ಸವ್ವಾ ಮಹಿನಾ ಸಾಕು ಅಂದೆ ಮಾರಾಯ್ತಿ. ನಮ್ಮಲ್ಲಿ ಒಂದೂಕಾಲು ತಿಂಗಳಿಗೆ ಎಲ್ಲ ಮುಗಿತದೆ. ಮೂರು ತಿಂಗಳು ಮಂಚ ಬಿಟ್ಟು ಇಳಿಸಬೇಡಿ, ಅವಳು ಅತ್ತರೂ ಇಳಿಸಬೇಡಿ ಅಂತ ನನ್ನ ಹತ್ರ ಮಾತು ತಗೊಂಡದ್ದು ನಿನ್ನ ಅಮ್ಮ. ಕೇಳು ಅವರನ್ನೇ" ಎಂದರು.

ಕೇಳುತ್ತಿದ್ದೇನೆ. ನೀನಂತೂ ಬರಲಿಲ್ಲ. ಬಾರದವಳು ಅಷ್ಟು ದೂರದಿಂದ ನನಗೆ ಬೀಗ ಯಾಕೆ ಹಾಕಿಸಿದೆ? ಬೀಗ ಹಾಕಿಸಿ, ನಾನು ಒಳಗಿನಿಂದ ಕೂಗಿದರೆ ಗುಂಡಿಯ ಸುದ್ದಿ ಬರೆಯುತ್ತೀಯಲ್ಲ! ಇಷ್ಟು ದಿನ ಅತ್ತೆಯ ಮೇಲೆ ಹಲ್ಲು ಕಡಿದೆ. ಈಗ ಅವರ ಮುಖ ನೋಡಲು ನಾಚಿಕೆಯಾಗುತ್ತದೆ.

ಜಬಲೆ ಕಳಿಸಬೇಡ. ಇನ್ನು ಕಾಗದವೂ ಬೇಡ.

ದೀಕ್ಷಿತಾ


ಕೋಟ
೨೦ ಜೂನ್ ೨೦೨೫

ದೀಕ್ಷಿತಾ,

ಬೇಡ ಎಂದರೂ ಬರೆಯುತ್ತಿದ್ದೇನೆ. ಇದನ್ನು ಓದಿ ಹರಿದುಹಾಕು.

ನೀನು ಕೇಳಿದ್ದಕ್ಕೆ ಉತ್ತರ: ನನಗೆ ಆಗಿತ್ತು. ಇಂದಿಗೂ ಆಗುತ್ತದೆ. ನಿನ್ನನ್ನು ಹೆತ್ತಂದಿನಿಂದ ನಿಂತಿಲ್ಲ.

ಆಗ ನಿನ್ನ ಅಪ್ಪ ಮುಂಬಯಿಯ ಹೋಟೆಲಿನಲ್ಲಿ ಅಡುಗೆಗಿದ್ದರು. ನನ್ನ ಅಮ್ಮ ತೀರಿಹೋಗಿದ್ದರು. ಬಾಣಂತನ ಮಾಡಲು ಯಾರಿದ್ದಾರೆ? ನಾಮಕರಣದ ಮರುದಿನ ಬಾವಿಯಿಂದ ನೀರು ಸೇದಿ ಕೊಡ ಹೊತ್ತೆ. ತಿಂಗಳೊಳಗೆ ಭತ್ತ ಬೇಯಿಸಿ ಹಂಡೆ ಇಳಿಸಿದೆ. ಒಂದು ದಿನ ಒಳಗಿನಿಂದ ಏನೋ ಕೆಳಗೆ ಇಳಿದ ಹಾಗಾಯಿತು. ಗರ್ಭಕೋಶ ಜಾರಿದೆ ಎಂದು ಸೂಲಗಿತ್ತಿ ಹೇಳಿದಳು. ಗಂಡಸರಿಗೆ ಹೇಳಬೇಡ ಎಂದೂ ಹೇಳಿದಳು. ನಾನು ಹೇಳಲಿಲ್ಲ. ನಿನ್ನ ಅಪ್ಪ ಸಾಯುವವರೆಗೂ ಹೇಳಲಿಲ್ಲ. ಆ ಬಿಸಿತುಪ್ಪ ಇನ್ನೂ ಗಂಟಲಲ್ಲೇ ಇದೆ.

ನಾನು ಹೊಲಿಗೆ ಯಾಕೆ ಕಲಿತೆ ಎಂದು ನೀನು ಒಮ್ಮೆ ಶಾಲೆಯ ಪ್ರಬಂಧಕ್ಕೆ ಕೇಳಿದ್ದೆ. ಸ್ವಂತ ಕಾಲ ಮೇಲೆ ನಿಲ್ಲಲು ಎಂದು ಬರೆಸಿದೆ. ನಿಜ ಹೇಳಬೇಕೆಂದರೆ, ಹೊಲಿಯುವವಳು ಮನೆ ಬಿಟ್ಟು ಹೋಗಬೇಕಿಲ್ಲ, ತುಂಡುಬಟ್ಟೆ ಎಷ್ಟು ಖರ್ಚಾಯಿತು ಎಂದು ಯಾರೂ ಕೇಳುವುದಿಲ್ಲ. ನನ್ನ ಲಂಗಗಳೆಲ್ಲ ಕಪ್ಪು ಯಾಕೆ, ಮದುವೆಮನೆಗೆ ಹೋದರೆ ಬಾಗಿಲ ಪಕ್ಕದ ಕುರ್ಚಿಯೇ ಯಾಕೆ, ಪಾನಕ ಕೊಟ್ಟರೆ ಬೇಡ ಎನ್ನುವುದು ಯಾಕೆ ಎಂದು ಇನ್ನು ನಿನಗೆ ಬಿಡಿಸಿ ಹೇಳಬೇಕಿಲ್ಲ.

ನಿನ್ನ ಆರತಕ್ಷತೆಗೆ ನಾನು ಹೊರಟಿದ್ದೆ ಮಗಾ. ಹಸಿರು ಸೀರೆ ಬ್ಯಾಗಿನಲ್ಲಿತ್ತು. ಕುಂದಾಪುರದಲ್ಲಿ ಬಸ್ಸು ಹತ್ತುವ ಮೊದಲು, ದಾರಿಯಲ್ಲಿ ಎಷ್ಟು ಸಲ ನಿಲ್ಲಿಸುತ್ತೀರಿ ಎಂದು ಕೇಳಿದೆ. "ಊಟಕ್ಕೆ ಒಂದೇ ಸಲ ಅಮ್ಮಾ" ಎಂದ ಬಸ್ಸಿನವನು. ಹಿಂದಿನಿಂದ ಜನ ತಳ್ಳುತ್ತಿದ್ದರು. ನಾನು ಪಕ್ಕಕ್ಕೆ ಸರಿದು ನಿಂತೆ. ಬಸ್ಸು ಹೋಯಿತು. ನನಗೆ ಜ್ವರ ಎಂದು ನಿನಗೆ ಸುಳ್ಳು ಹೇಳಿದೆ.

ಎದ್ದು ಓಡಾಡಿದ್ದಕ್ಕೇ ನಾನು ಕೆಟ್ಟೆ ಎಂದು ಇಷ್ಟು ವರ್ಷ ನಂಬಿದ್ದೆ. ಆದ್ದರಿಂದ ನೀನು ಏಳಬಾರದು ಎಂದು ಲೀಲಾಕ್ಷಿಯಕ್ಕನ ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಬೇಡಿದೆ. ನಾನು ಬರಲಾಗದ ಕಡೆಗೆ ನನ್ನ ಹೆದರಿಕೆಯನ್ನು ಕಳಿಸಿದೆ. ಮಲಗಿದ್ದರೂ ನಿನಗೆ ಅದೇ ಆಯಿತು ಎಂದು ಓದಿದ ದಿನ ಆ ನಂಬಿಕೆ ಸುಳ್ಳಾಯಿತು. ಏನು ಬರೆಯಬೇಕೆಂದು ತೋಚದೆ ಗುಂಡಿ, ಕಾಲರ್ ಎಂದು ಬರೆದೆ.

ತಾನಾಗಿ ಹೋಗುತ್ತದೆ ಎಂದು ಕಾಯಬೇಡ. ನಾನು ಕಾದೆ. ಬಾಗಿಲು ತೆಗೆದು ಡಾಕ್ಟರ ಹತ್ತಿರ ಹೋಗು. ಅತ್ತೆಗೆ ನಾನು ಹೇಳಿದ್ದೇನೆಂದು ಹೇಳು. ಕಾರಣ ಮಾತ್ರ ಹೇಳಬೇಡ.

ಅಮ್ಮ


ಕೋಥರೂಡ
೧ ಜುಲೈ ೨೦೨೫

ಅಮ್ಮಾ,

ನಾನು ಹರಿಯಲಿಲ್ಲ. ಅದಕ್ಕಿಂತ ದೊಡ್ಡದನ್ನೇ ಮಾಡಿದೆ. ಬೈಯುವ ಮೊದಲು ಪೂರ್ತಿ ಓದು.

ಕಾಗದ ತಂದುಕೊಟ್ಟು ಅತ್ತೆ ಎದುರಿಗೆ ಕೂತರು. ಜಗಳವಾದ ಮೇಲೆ ನಮ್ಮಲ್ಲಿ ಸರಿಯಾಗಿ ಮಾತಿರಲಿಲ್ಲ. ನಾನು ಮನಸ್ಸಿನಲ್ಲೇ ಓದುತ್ತಾ ಹೋದೆ, ಕಣ್ಣೀರು ಸುರಿಯತೊಡಗಿತು. "ಎಂತ ಬರೆದಿದ್ದಾರೆ? ಯಾರಿಗೆ ಎಂತ ಆಯ್ತು?" ಎಂದು ಅತ್ತೆ ಗಾಬರಿಯಾದರು. ಎಂದಿನಂತೆ ಒಂದು ಸುಳ್ಳು ಹುಡುಕಿದೆ. ಸಿಗಲಿಲ್ಲ. ಬಸ್ಸಿನವನು ಒಂದೇ ಸಲ ಎಂದದ್ದರಿಂದ ಹಿಡಿದು ಸೂಲಗಿತ್ತಿಯವರೆಗೆ ಎಲ್ಲವನ್ನೂ ಇದ್ದಂತೆಯೇ ಓದಿಬಿಟ್ಟೆ. ಆಮೇಲೆ ಆ ದಿನ ಹಾಸಿಗೆ ಒದ್ದೆ ಮಾಡಿದ್ದು ಚಿನ್ನು ಅಲ್ಲ, ನಾನು ಎಂದೆ.

ಅತ್ತೆ ಹೇಳಿದರು: "ನಾನು ಬಾಳಂತಿ ಇದ್ದಾಗ ಸವ್ವಾ ಮಹಿನಾ ಮುಗಿದ ದಿವಸವೇ ಹೋಟೆಲಿನ ರುಬ್ಬುವ ಕಲ್ಲಿನ ಹತ್ರ ಕೂರಿಸಿದ್ರು. ಕೆಮ್ಮು ಬಂದ್ರೆ ನಾನು ಕಾಲು ಅಡ್ಡ ಹಾಕಿ ನಿಲ್ಲುದು ನೀನು ನೋಡ್ಲೇ ಇಲ್ವಾ?"

ನೋಡಿದ್ದೆ ಅಮ್ಮಾ. ಅದು ಅವರ ನಿಲ್ಲುವ ಠೀವಿ ಎಂದುಕೊಂಡಿದ್ದೆ.

ಅವರು ಎದ್ದು ಕಿಟಕಿ ತೆರೆದರು. ಟೇಪು ಕಿತ್ತು ಫ್ಯಾನು ಹಾಕಿದರು. ಪ್ರಜ್ವಲನಿಗೆ ಫೋನ್ ಮಾಡಿ, "ಗಲ್ಲಾ ಅಪ್ಪನಿಗೆ ಬಿಡು, ಕಾರು ತಗೊಂಡು ಬಾ. ಯಾಕೆ ಅಂತ ದಾರಿಯಲ್ಲಿ ನಿನ್ನ ಹೆಂಡ್ತಿ ಹೇಳ್ತಾಳೆ" ಎಂದರು. ದಾರಿಯಲ್ಲಿ ಹೇಳಿದೆ. ಅವನು ಸಿಗ್ನಲ್ ಹಸಿರಾದರೂ ಕಾರು ಬಿಡದೆ ಕೂತ. ಹಿಂದಿನವರೆಲ್ಲ ಹಾರ್ನ್ ಹೊಡೆದರು. "ನನಗೆ ಯಾಕೆ ಹೇಳ್ಲಿಲ್ಲ?" ಎಂದ. "ನೀನು ಕೇಳ್ಲಿಲ್ಲ" ಎಂದೆ.

ಇದು ಬಹಳ ಹೆಂಗಸರಿಗೆ ಆಗುತ್ತದೆ, ಹಾಗೆಂದು ಸುಮ್ಮನಿರಬಾರದು ಎಂದರು ಡಾಕ್ಟರು. ಕೆಳಗಿನ ಸ್ನಾಯುಗಳಿಗೆ ವ್ಯಾಯಾಮ ಹೇಳಿಕೊಟ್ಟಿದ್ದಾರೆ. ತಿಂಗಳುಗಟ್ಟಲೆ ಮಾಡಬೇಕು, ಬೇಸರ ಬರುತ್ತದೆ, ಆದರೂ ಬಿಡಬಾರದಂತೆ. ನಿನ್ನೆ ಸೀನಿದಾಗ ಮತ್ತೆ ಒದ್ದೆಯಾಯಿತು. ಅತ್ತೆ, "ನಂಗೂ" ಎಂದರು. ಇಬ್ಬರೂ ನಕ್ಕೆವು. ನಕ್ಕಿದ್ದಕ್ಕೆ ಇನ್ನಷ್ಟಾಯಿತು. ಮೈ ಇನ್ನೂ ನನ್ನ ಮಾತು ಕೇಳುವುದಿಲ್ಲ ಅಮ್ಮಾ, ಕೋಣೆಯ ಬಾಗಿಲು ಮಾತ್ರ ತೆರೆದಿದೆ.

ನಿನ್ನ ವಿಷಯವನ್ನೂ ಕೇಳಿದೆ. ಇಷ್ಟು ವರ್ಷದ ಮೇಲೂ ಮಾಡಲು ಸಾಕಷ್ಟು ಇದೆ, ನೋಡದೆ ಏನೂ ಹೇಳಲಾಗದು, ಕರೆದುಕೊಂಡು ಬನ್ನಿ ಎಂದರು. ಇಲ್ಲಿ ನಿನಗೊಂದು ಮಂಚ ಮಾರ್ಚ್ ತಿಂಗಳಿಂದ ಖಾಲಿ ಇದೆ.

ದೀಕ್ಷಿತಾ


ಕೋಟ
೧೧ ಜುಲೈ ೨೦೨೫

ಮಗಳೇ,

ಎರಡು ದಿನ ನಿನ್ನ ಮೇಲೆ ಸಿಟ್ಟಿತ್ತು. ಬೀಗರ ಮನೆಯಲ್ಲಿ ನನ್ನ ಮಾನ ತೆಗೆದಳು ಎಂದು ಊಟ ಸೇರಲಿಲ್ಲ. ಮೂರನೇ ದಿನ ಲೀಲಾಕ್ಷಿಯಕ್ಕನ ಫೋನ್ ಬಂತು. ಹೇಗಿದ್ದೀರಿ ಎಂದೂ ಕೇಳಲಿಲ್ಲ. "ರಾಜೀವಿ, ಬಸ್ಸು ಬೇಡ. ರೈಲಿನಲ್ಲಿ ಬನ್ನಿ" ಎಂದರು. ಸ್ಪೀಕರ್ ಹಾಕಿರಲಿಲ್ಲ ಎಂದು ಕಾಣುತ್ತದೆ.

ಇವತ್ತು ಕುಂದಾಪುರದ ಸ್ಟೇಷನ್ನಿಗೆ ಹೋಗಿದ್ದೆ. ಶೌಚಾಲಯದ ಪಕ್ಕದ ಸೀಟು ಕೊಡಿ ಎಂದು ಕೇಳಿದೆ. ಕೌಂಟರಿನ ಹುಡುಗ ತಲೆಯೆತ್ತಿ ನೋಡಿ, "ಅದು ವಾಸನೆ ಅಮ್ಮಾ, ಅದನ್ನು ಯಾರೂ ಕೇಳುವುದಿಲ್ಲ" ಎಂದ. ಹಿಂದೆ ಸಾಲಿನಲ್ಲಿ ನಮ್ಮೂರಿನ ಇಬ್ಬರು ಇದ್ದರು. ಪಕ್ಕಕ್ಕೆ ಸರಿದುಬಿಡುವ ಎಂದು ಒಮ್ಮೆ ಕಾಲೂ ಎತ್ತಿದೆ.

ಸರಿಯಲಿಲ್ಲ. "ನನಗೆ ಅದೇ ಬೇಕು" ಎಂದೆ, ಅವರಿಗೂ ಕೇಳುವ ಹಾಗೆ.

ಇದೇ ೨೫ರ ಶುಕ್ರವಾರ ಹೊರಡುತ್ತೇನೆ. ಪ್ರಜ್ವಲನನ್ನು ಸ್ಟೇಷನ್ನಿಗೆ ಕಳಿಸು. ಹಸಿರು ಸೀರೆ ಉಟ್ಟಿರುತ್ತೇನೆ.

ಅಮ್ಮ